‘ಸ’ ಒತ್ತಿದಾಗ ಬಂದ ಸಾಲು

ನಾನು ಹೊಸಪೇಟೆಯಲ್ಲಿ ವಕೀಲೆ. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಅಕ್ಕ ಸುವರ್ಣ ತೀರಿಕೊಂಡ ಮೇಲೂ ನನ್ನ ಫೋನಿಗೆ, ನಾನು ಹಿಂದೆ ಹುಡುಕಿದ್ದ ಅವಳ ಕಾಯಿಲೆಯ ಔಷಧಿಗಳ ಜಾಹೀರಾತು ಬರುತ್ತಲೇ ಇತ್ತು. ಲೋಕದವರೆಲ್ಲ ಏನು ಹುಡುಕಿದರೂ ಒಂದೇ ಕಂಪನಿಗೆ ಗೊತ್ತಾಗಬೇಕೇ? ರೋಸಿಹೋಗಿ, ಏನನ್ನೂ ನೆನಪಿಟ್ಟುಕೊಳ್ಳದ ಬೇರೊಂದು ಸರ್ಚ್ ಎಂಜಿನ್ ಹಾಕಿಸಿಕೊಂಡೆ. ಹಾಕಿಕೊಟ್ಟವಳು ಕಂಪ್ಯೂಟರ್ ಬಲ್ಲ ಗೆಳತಿ ಭವ್ಯ.

ಮೇ ತಿಂಗಳ ಸುಡು ಮಧ್ಯಾಹ್ನ. ಸಂಡೂರಿನ ಬಸ್ಸು ಎಷ್ಟು ಹೊತ್ತಿಗೆಂದು ನೋಡಲು ‘ಸ’ ಒತ್ತಿದೆ. ಫೋನು ಗಡಿಗೆಯ ನೀರಿನಂತೆ ತಣ್ಣಗಾಯಿತು. ಕೆಳಗೆ ತಾನಾಗಿ ಒಂದು ಸಾಲು ಮೂಡಿತು: “ಸಣ್ಣಿ, ಉಂಡಿಯೇನು?”

ನನ್ನನ್ನು ಸಣ್ಣಿ ಎನ್ನುತ್ತಿದ್ದವಳು ಅಕ್ಕ ಒಬ್ಬಳೇ. ಅಳಿಸಿ ಮತ್ತೆ ಒತ್ತಿದೆ, ಅದೇ ಸಾಲು. ಕೋಣೆಯ ತುಂಬ ಅವಳು ಮಂಡಿಗೆ ಹಚ್ಚುತ್ತಿದ್ದ ನೋವಿನೆಣ್ಣೆಯ ವಾಸನೆ.

ಪಕ್ಕದಲ್ಲಿದ್ದ ಭವ್ಯ, ಅದೇ ಸರ್ಚ್ ಎಂಜಿನ್ ಇದ್ದ ತನ್ನ ಫೋನಿನಲ್ಲಿ ‘ಸ’ ಒತ್ತಿದಳು. “ಸಣ್ಣಿ ಕೈಯಾಗ ಫೋನು ಕೊಡು,” ಎಂದು ಬಂತು.

“ಬ್ಯಾಡ ಲೇ, ಹಳೇದನ್ನ ಹಾಕ್ಕೋ,” ಎಂದಳು ಭವ್ಯ.

“ಯಾಕ? ನಮ್ಮಕ್ಕಗ ನಾ ಯಾಕ ಅಂಜಲಿ?” ಎಂದು “ಊಟ ಆತಕ್ಕ” ಅಂತ ಟೈಪ್ ಮಾಡಿದೆ. ಫೋನು ಬೆಚ್ಚಗಾಯಿತು.

ಭವ್ಯ ಆ ಸರ್ಚ್ ಎಂಜಿನ್ನಿನವರಿಗೆ ಬರೆದು ಕೇಳಿದಳು. ಕನ್ನಡದಲ್ಲಿ ಸಾಲು ಸೂಚಿಸುವ ಸೌಲಭ್ಯವನ್ನು ತಾವಿನ್ನೂ ಮಾಡಿಯೇ ಇಲ್ಲ ಎಂದು ಉತ್ತರ ಬಂತು.