ಸೊಪ್ಪಿನ ಹೊರೆಯ ಸಾಕ್ಷಿ

ಬೆಳಗ್ಗೆ ಒಂಬತ್ತಕ್ಕೆ ಸಣ್ಣತಾಯಮ್ಮ ಕಿರುಚಿದ ಸದ್ದಿಗೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿಗಳು ಎದ್ದು ನಿಂತವು. ಸುಳ್ಳಲ್ಲ, ಬೇಕಾದರೆ ಆ ನಾಯಿಗಳನ್ನೇ ಕೇಳಿ. ಬೇಗೂರಿನಾಚೆಯ ಹಳ್ಳಿಯಲ್ಲಿ ಅವಳ ಹುಳುಮನೆಯ ರೇಷ್ಮೆಹುಳಗಳು, ಆಕಾಶದ ನಕ್ಷತ್ರಗಳಿಗಿಂತ ಎರಡು ಹೆಚ್ಚೇ ಇದ್ದವು, ಅಷ್ಟೂ ಸತ್ತು ಬಿದ್ದಿದ್ದವು.

ಹತ್ತೂವರೆಗೆ ಸಬ್ ಇನ್ಸ್‌ಪೆಕ್ಟರ್ ನಯನಾ ಕಾನ್‌ಸ್ಟೇಬಲ್ ಸೋಮಣ್ಣನ ಜೊತೆ ಜೀಪಿನಿಂದ ಇಳಿದಳು. ನಯನಾ ಅಂದರೆ ಸಾಮಾನ್ಯಳೇ? 'ಒಬ್ಬ ಸದಾ ನಿಜ ಹೇಳುತ್ತಾನೆ, ಒಬ್ಬ ಸದಾ ಸುಳ್ಳು, ಕಳ್ಳ ಯಾರು?' ಎಂಬ ಲೆಕ್ಕಗಳನ್ನು ನೇಮಕಾತಿ ಪರೀಕ್ಷೆಯಲ್ಲಿ ಅವಳು ಬಿಡಿಸಿದ ವೇಗಕ್ಕೆ ಉತ್ತರಪತ್ರಿಕೆ ತಿದ್ದುವ ಮಿಷನ್ನೇ ಬೆವೆತಿತ್ತಂತೆ.

ಒಳಗೆ ಮೂಗು ಸುಡುವ ಔಷಧಿ ವಾಸನೆ. ಕಿಟಕಿಯ ಹತ್ತಿರ ಇನ್ನೂ ಗಾಢ. ತಟ್ಟೆಗಳ ಮೇಲೆಲ್ಲ ಬಿಳಿ ಪುಡಿ.

"ಸೋಮಣ್ಣ, ವಿಷ! ಪ್ಯಾಕ್ ಮಾಡಿ."

"ಅದು ಸುಣ್ಣ ಕಣವ್ವ," ಸಣ್ಣತಾಯಮ್ಮ ಮೂಗೊರೆಸಿಕೊಂಡಳು. "ನೆನ್ನೆ ಸಂಜೆ ಹುಳ ನಾಕ್ನೇ ಜ್ವರಕ್ಕೆ ಕೂತ್ಕಂಡೊ. ಪೊರೆ ಬುಡೋಗಂಟ ಮೇಯಕ್ಕೆ ಬಾಯಿ ತೆಗಿಯಕ್ಕಿಲ್ಲ. ಅದ್ಕೇ ಸುಣ್ಣ ಎರಚಿದ್ದೆ. ಇನ್ನೊಂದು ವಾರಕ್ಕೆ ಗೂಡು ಕಟ್ತಿದ್ದೊ."

ನಯನಾ ನಾಚಿ ಪುಡಿಯ ಕವರನ್ನು ಸೋಮಣ್ಣನ ಜೇಬಿಗೇ ತುರುಕಿದಳು.

* * *

ಹೊರಗೆ ಊರಿಗೆ ಊರೇ ಸೇರಿತ್ತು. ನಡುವೆ, ಇವನೇ ಎಂದು ಜನ ಹಿಡಿದು ನಿಲ್ಲಿಸಿದ್ದ ಚಿಕ್ಕಣ್ಣ. ದಿನಾ ಎಂಟು ಗಂಟೆಗೆ ಹುಳುಮನೆಗೆ ಹಿಪ್ಪುನೇರಳೆ ಸೊಪ್ಪು ಹೊತ್ತು ತರುವ ಆಳು. ಜಗತ್ತಿನಲ್ಲೇ ಅವನಷ್ಟು ಸುಳ್ಳು ಹೇಳುವವನು ಇನ್ನೊಬ್ಬನಿಲ್ಲ. ಬಂಡೀಪುರದ ಆನೆ ಟಿಕೆಟ್ ತಗೊಂಡು ಬಸ್ ಹತ್ತಿದ್ದನ್ನು ಕಂಡೆ ಎಂದು ಪ್ರಮಾಣ ಮಾಡಿದ್ದವನು.

"ನೀನೇ ಸಾಯಿಸಿದ್ದಾ?" ನಯನಾ ಕೇಳಿದಳು.

"ಊಂ ಕಣವ್ವ. ನಾನೇ."

ಪಕ್ಕದಲ್ಲಿ ಗುರುಮಲ್ಲಯ್ಯ ಕೋಲೂರಿ ನಿಂತಿದ್ದರು. ಊರ ನ್ಯಾಯ ಹೇಳುವವರು. ಎಪ್ಪತ್ತು ವರ್ಷದಲ್ಲಿ ಒಂದು ಸುಳ್ಳಾಡಿದವರಲ್ಲ. ಅವರು ಮಳೆ ಎಂದರೆ ಮೋಡ ಓಡಿ ಬರುತ್ತಿತ್ತು. ಹುಳುಮನೆಯ ಕಿಟಕಿಯಾಚೆಯ ಚೆಂಡುಹೂವಿನ ಹೊಲ ಅವರದೇ.

"ಕಣ್ಣಾರೆ ಕಂಡೆ ಕಣವ್ವ," ಅಂದರು. "ಇವತ್ತು ಎಂಟು ಗಂಟೇಲಿ ಇವ ಸೊಪ್ಪಿನ ಹೊರೆ ಹೊತ್ಕಂಡು ಒಳಕ್ಕೋದ. ಆ ಸೊಪ್ಪಲ್ಲೇ ಔಷ್ದಿ ಇತ್ತು ಅನ್ಸುತ್ತೆ."

"ಅಯ್ಯನೋರೇ ಯೋಳ್ದ ಮೇಲೆ ಇನ್ನೇನ್ಲಾ? ಜೀಪ್ ಹತ್ತಿಸ್ಬುಡಿ!" ಜನ ಕೂಗಿದರು.

ನಯನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸುಳ್ಳುಗಾರ 'ನಾನೇ' ಎಂದರೆ ಅವನಲ್ಲ. ಸತ್ಯವಂತ 'ಅವನೇ' ಎಂದರೆ ಅವನೇ. ಎರಡೂ ಕೂಡುವುದಿಲ್ಲ. ಪರೀಕ್ಷೆಯಲ್ಲಾದರೆ ಪ್ರಶ್ನೆ ತಪ್ಪೆಂದು ಗ್ರೇಸ್ ಮಾರ್ಕು ಕೊಡುತ್ತಾರೆ. ಇಲ್ಲಿ ಒಬ್ಬ ಮನುಷ್ಯ ಜೈಲಿಗೆ ಹೋಗುತ್ತಾನೆ. ತಪ್ಪೊಪ್ಪಿಗೆ ಇದೆ, ಸಾಕ್ಷಿ ಇದೆ, ಊರೆಲ್ಲ ಸಹಿ ಹಾಕಲು ತಯಾರು. ಮೂರು ಜಿಲ್ಲೆಗೆ ಆಗಿ ಮಿಗುವ ಬುದ್ಧಿಯಿದ್ದ ಅವಳು ಕೈಚೆಲ್ಲಿ ನಿಂತಳು.

"ಬರೀಲಾ ಮೇಡಂ?" ಸೋಮಣ್ಣ ಪೆನ್ನು ತೆಗೆದ.

* * *

ಕಡೆಯದಾಗಿ ನೋಡೋಣವೆಂದು ಅವಳು ಮತ್ತೆ ಒಳಹೊಕ್ಕಳು. ಸತ್ತ ಹುಳ. ಸುಣ್ಣ. ಮತ್ತೇನೂ ಇಲ್ಲ.

ಏನೂ ಇಲ್ಲ! ಅವಳ ಎದೆ ಡವಗುಟ್ಟಿತು, ಕಿಟಕಿ ಅದುರುವಷ್ಟು. ಒಂದು ಎಲೆಯೂ ಇಲ್ಲ.

"ಗುರುಮಲ್ಲಯ್ಯನವರೇ," ಹೊರಬಂದು ಕೇಳಿದಳು, "ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕ್ತಾರಾ?"

"ಎಲ್ಲಾದ್ರೂ ಉಂಟಾ..." ಮುದುಕರ ಮಾತು ಅಲ್ಲೇ ನಿಂತಿತು.

"ಮತ್ತೆ ಇವತ್ತು ಹೊರೆ ಯಾಕೆ ಬಂತು?"

ಸಣ್ಣತಾಯಮ್ಮ ಹಣೆ ಬಡಿದುಕೊಂಡಳು. "ಅಯ್ಯೋ, ನಾನೇ ಚಿಕ್ಕಣ್ಣನ್ಗೆ ನೆನ್ನೆ ಯೋಳಿದ್ದೆ, ನಾಳೀಕೆ ಬರ್ಬ್ಯಾಡ ಕಣ್ಲಾ ಅಂತ!"

"ಸುಳ್ಳು ಹೇಳಿ ಅಭ್ಯಾಸ ಇಲ್ಲ ನಿಮಗೆ," ನಯನಾ ಮೆಲ್ಲಗೆ ಹೇಳಿದಳು. "ಚಿಕ್ಕಣ್ಣನಾಗಿದ್ದರೆ ಹೊಸದೇ ಕಟ್ಟುತ್ತಿದ್ದ. ನೀವು ದಿನಾ ಕಂಡ ನಿಜವನ್ನೇ ಎತ್ತಿ ಇವತ್ತಿಗೆ ಇಟ್ಟುಬಿಟ್ಟಿರಿ. ವಾಸನೆ ಇರೋದು ಕಿಟಕಿ ಕಡೆ. ಕಿಟಕಿಯಾಚೆ ನಿಮ್ಮ ಹೊಲ. ಬೆಳಗ್ಗೆ ಹೂವಿಗೆ ಔಷಧಿ ಹೊಡೆದಿರಿ, ಅಲ್ವಾ?"

ಕೋಲು ಕೈಜಾರಿತು. "ಗಾಳಿ ಇತ್ಲಾಗೇ ಬೀಸ್ತಿತ್ತು. ಗೊತ್ತಿತ್ತು ಕಣವ್ವ. ಎರಡೇ ಸಾಲು ಉಳಿದಿದ್ದೊ, ಮುಗಿಸ್ಬುಡನ ಅಂದ್ಕಂಡೆ. ಇವಳು ಕಿರುಚ್ದಾಗ ಬಾಯೇ ಬರ್ನಿಲ್ಲ. ಅಷ್ಟ್ರಲ್ಲಿ ಯಾರೋ ಚಿಕ್ಕಣ್ಣನೇ ಅಂದ್ರು."

ಗುಂಪಿನಲ್ಲಿ ಒಬ್ಬ ಗೊಣಗಿದ: "ಇನ್ಮೇಲೆ ನಾವು ನ್ಯಾಯ ಯಾರ ತಾವ ಕೇಳನ?"

"ನನ್ ಹುಳ ವಾಪಸ್ ಬತ್ತವಾ ಕಣವ್ವ?" ಸಣ್ಣತಾಯಮ್ಮ ಕೇಳಿದಳು. ಆ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

* * *

ಗುರುಮಲ್ಲಯ್ಯನವರು ತಾವಾಗಿಯೇ ಜೀಪು ಹತ್ತಿದರು. ಚಿಕ್ಕಣ್ಣ ಜಗಲಿಯಲ್ಲಿ ಒಬ್ಬನೇ ಕೂತಿದ್ದ.

"ನಾನೇ ಅಂತ ಯಾಕಯ್ಯಾ ಒಪ್ಪಿಕೊಂಡೆ?" ನಯನಾ ಕೇಳಿದಳು.

"ನಾನಲ್ಲ ಅಂದಿದ್ರೆ ಯಾರವ್ವ ನಂಬೋರು? ನನ್ ಮಾತ ಯಾವತ್ತೂ ಉಲ್ಟಾನೇ ತಕ್ಕತಾರೆ. ಅದ್ಕೇ ನಾನೇ ಅಂದೆ." ಅವನು ಜನ ಹೋದ ದಾರಿ ನೋಡಿದ. "ಇದೊಂದು ಮಾತ್ನ ಮಾತ್ರ ಎಲ್ಲಾರೂ ನಂಬ್ಬುಟ್ರು."

ನಯನಾ ಅವನ ಪಕ್ಕ ಕೂತಳು. "ಬೆಳಗ್ಗೆಯಿಂದ ಏನಾದರೂ ತಿಂದೆಯಾ?"

"ಓ! ಒಟ್ಟೆ ತುಂಬಾ ಉಂಡಿವ್ನಿ ಕಣವ್ವ."

ಅವಳು ಜೀಪಿನಿಂದ ತನ್ನ ಊಟದ ಡಬ್ಬಿ ತಂದು, ಮುಚ್ಚಳ ತೆಗೆದು ಅವನ ಮುಂದಿಟ್ಟಳು.