ಮಸುಕು ಬಿಡದ ಬಾನೆಟ್ಟು

ನಾನು ಪಾಲಿಶ್ ಹೊಡೆದ ಕಪ್ಪು ಕಾರಿನಲ್ಲಿ ದಾವಣಗೆರೆಯ ಸೂರ್ಯನೇ ಮುಖ ನೋಡಿಕೊಂಡು ಮೀಸೆ ತಿರುವುತ್ತಾನೆ. ಅಂಥ ನನ್ನನ್ನೇ ಹರಿಹರದ ಕಸ್ತೂರಮ್ಮನವರ ಹಳೇ ಕಾರು ಗೋಳು ಹೊಯ್ದುಕೊಂಡಿತು. ಸಂಜೆ ಅವರ ಮಗಳು ಅದರಲ್ಲೇ ತನ್ನ ಮದುವೆಗೆ ಹೊರಡಬೇಕಿತ್ತು. ಮಟಮಟ ಮಧ್ಯಾಹ್ನ ನನ್ನ ಶೆಡ್ಡು ಕಾದ ಹಂಚಾಗಿದ್ದರೂ ಬಾನೆಟ್ಟು ಮಾತ್ರ ಐಸಿನಂತೆ ತಣ್ಣಗಿತ್ತು. ಮಷಿನ್ ಹಿಡಿದು ಹೊಳಪು ತಂದರೆ, ಯಾರೋ ಉಸಿರು ಬಿಟ್ಟಂತೆ ಮತ್ತೆ ಮಸುಕಾಗುತ್ತಿತ್ತು. ನೂರು ಸಲ ಉಜ್ಜಿ ನನ್ನ ತೋಳೇ ಬಿದ್ದುಹೋಯಿತು!

ನಾಲ್ಕಕ್ಕೆ ಬಂದ ಕಸ್ತೂರಮ್ಮ, ಥಳಥಳಿಸುವ ಬಾನೆಟ್ಟಿನ ಮೇಲೆ ಬಾಗಿದರು.

"ಹೆಂಗೈತ್ರಿ ಅಮ್ಮಾ, ನನ್ನ ಕೈಚಳಕ?" ಎಂದೆ.

"ಇದು ಮಷಿನ್ ಗೆರೆ ಅಲ್ಲ. ಎಡಗೈಲಿ ಸುತ್ತಿಸಿ ಒರೆಸಿದ್ದು. ಹಿಂಗೆ ಒರೆಸ್ತಿದ್ದೋರು ತೀರಿಹೋದ ನಮ್ಮ ಯಜಮಾನ್ರು ಒಬ್ರೇ. ಸುಳ್ಳು ಬ್ಯಾಡ ಇಜಾಜ್, ಯಾರು ಒರೆಸಿದ್ದು?"

ನಾನು ಜೇಬಿನಿಂದ ಶೆಡ್ಡಿನ ಬೀಗದ ಕೈ ತೆಗೆದು ತೋರಿಸಿದೆ.

"ನಾನಲ್ರಿ ಅಮ್ಮಾ. ಮೂರೇ ಸಲ ಉಜ್ಜಿ, ಬ್ಯಾಸತ್ತು, ಶೆಡ್ಡಿಗೆ ಬೀಗ ಹಾಕಿ ಚಾ ಕುಡಿಯಾಕ ಹೋಗಿದ್ದೆ. ಬಂದಾಗ ಬೀಗ ಹಾಕಿದ್ದು ಹಾಕಿದಂಗೇ ಇತ್ತು. ಒಳಗೆ ಬಾನೆಟ್ಟು ಹಿಂಗೇ ಹೊಳೀತಿತ್ತು."