ಸುರುಳಿಪಟ್ಟಣದ ಹಿತ್ತಿಲಗೋಡೆಗಳು

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಊರೆಂದರೆ ಒಂದೇ ಊರು, ಸುರುಳಿಪಟ್ಟಣ. ಆ ಊರಿಗೆ ಬೀದಿಯೆಂದರೆ ಒಂದೇ ಬೀದಿ. ಆ ಬೀದಿಯಲ್ಲಿ ಮುನ್ನೂರು ಮನೆ. ಆದರೆ ಬೀದಿ ನೆಟ್ಟಗಿರಲಿಲ್ಲ. ಹೋಗುತ್ತಾ ಹೋಗುತ್ತಾ ತಿರುಗುತ್ತಿತ್ತು, ಸುತ್ತುತ್ತಿತ್ತು, ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತಿತ್ತು. ಬೀದಿ ಹಿಡಿದು ನಡೆದರೆ ಹತ್ತನೆಯ ಮನೆಗೂ ಇನ್ನೂರನೆಯ ಮನೆಗೂ ಅರ್ಧ ಹರದಾರಿ ದೂರ. ಹಿತ್ತಿಲಿಗೆ ಹೋದರೆ ಎರಡಕ್ಕೂ ಗೋಡೆ ತಾಗಿಕೊಂಡೇ ಇತ್ತು. ಈಚೆಯವಳು ಸೌಟು ಚಾಚಿದರೆ ಆಚೆಯವಳ ಪಾತ್ರೆಗೆ ಸಾರು ಬೀಳುತ್ತಿತ್ತು.

ಈ ಮಡಿಕೆಗಳನ್ನೆಲ್ಲ ಹಿಡಿದಿಟ್ಟಿದ್ದು ಅರಮನೆಯ ಒಂದು ಬಟ್ಟೆ. ಅದಕ್ಕೆ ಉದ್ದಕ್ಕೆ ಮುನ್ನೂರು ಎಳೆ, ಅಡ್ಡಕ್ಕೆ ಮುನ್ನೂರು ಎಳೆ. ಒಂದೊಂದು ಎಳೆಯೂ ಒಂದೊಂದು ಮನೆ. ಯಾವೆರಡು ಮನೆಗಳ ಗೋಡೆ ತಾಗಿತ್ತೋ ಆ ಎಳೆಗಳು ಹಾಯುವ ಕಡೆ ಒಂದು ಕೆಂಪು ಗಂಟು. ಗಂಟುಗಳೆಲ್ಲ ಸರಿಯಾಗಿದ್ದರೆ ಊರ ನಡುವಿನ ಬಾವಿಯಲ್ಲಿ ನೀರು. ಆ ನೀರು ಕುಡಿದವರ ಕೈಕಾಲು ನೂರು ವರ್ಷವಾದರೂ ಬಿಗಿಯುತ್ತಿರಲಿಲ್ಲ.

ಒಂದು ದಿನ ಉದ್ದಂಡಯ್ಯನೆಂಬ ಮಂತ್ರವಾದಿ ಬಂದ. ಅರಮನೆ ಹುಡುಕುತ್ತಾ, ತಿರುವುಗಳಲ್ಲಿ ದಿಕ್ಕು ತಪ್ಪಿ, ಮೂರು ದಿನ ಅದೇ ಗಾಣಿಗರ ಮನೆಯ ಮುಂದೆ ಸುತ್ತಿದ. ಜನ ನಕ್ಕರು. ನಗಬಾರದಿತ್ತು, ಆದರೂ ನಕ್ಕರು. ಅವನು ಕೆರಳಿ, ಬಟ್ಟೆಯ ಗಂಟುಗಳನ್ನೆಲ್ಲ ಬಿಚ್ಚಿ, ಊರಿನ ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಎಳೆದ. ಸುರುಳಿಪಟ್ಟಣ ಹಗ್ಗದ ಹಾಗೆ ನೆಟ್ಟಗಾಯಿತು. ಬಾವಿ ಬತ್ತಿತು. ಎಳೆದ ರಭಸಕ್ಕೆ ಜನರ ನೆನಪೂ ಹರಿದುಹೋಯಿತು. ಹಿತ್ತಿಲಿನ ಕಡೆಯ ಪ್ರೀತಿ ಉಳಿಯಿತು, ಮುನಿಸು ಉಳಿಯಿತು, ಯಾರ ಹಿತ್ತಿಲಿಗೆ ಯಾರು ತಾಗಿದ್ದರೆಂಬುದು ಹೆಚ್ಚಿನವರಿಗೆ ಮರೆತುಹೋಯಿತು.

“ಮೂರು ಸಲ ಗಂಟು ಹಾಕಿ ನೋಡಿ,” ಎಂದ ಉದ್ದಂಡಯ್ಯ. “ಮೂರನೆಯ ಸಲವೂ ತಪ್ಪಿದರೆ ಬಟ್ಟೆ ಬೂದಿ, ನೀವೆಲ್ಲ ಪೂರ್ತಿ ಕಲ್ಲು.”

ಬೀದಿಯ ಮೂರನೆಯ ಮನೆ ದ್ಯಾವಕ್ಕನದು. ಊರ ಗೋಡೆಗಳಿಗೆಲ್ಲ ಮಣ್ಣು ಮೆತ್ತಿ ನುಣುಪು ಮಾಡುವುದು ಅವಳ ಕೆಲಸ. ಅವಳ ಗಂಡ ಕೆಂಚಣ್ಣನಿಗೆ ವಯಸ್ಸಾಗಿತ್ತು. ಬಾವಿಯ ನೀರಿಲ್ಲದೆ, ಕಲ್ಲಾಗುವುದು ಮುದುಕರಿಂದಲೇ ಶುರುವಾಯಿತು. ಒಂದು ಬೆಳಗ್ಗೆ ಅವನ ಪಾದ ಮುಟ್ಟಿದರೆ ಬೀಸುಗಲ್ಲು ಮುಟ್ಟಿದಂತಾಯಿತು.

ದ್ಯಾವಕ್ಕ ಜಗಲಿಯಲ್ಲಿ ಕೂತು ಹಿಂದಿನದನ್ನು ನೆನೆಯುತ್ತಿದ್ದಳು. ಗೋಡೆಯಾಚೆಯ ಒಗ್ಗರಣೆ ವಾಸನೆ ಹಿಡಿದೇ ಯಾರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳಬಹುದಿತ್ತು. ಕಾಣದ ಕೂಸಿನ ಅಳುವಿಗೆ ಈಚೆಯಿಂದ ಜೋಗುಳ ಹಾಡಬಹುದಿತ್ತು. ಈಗ ಹಿತ್ತಿಲ ಬಾಗಿಲು ತೆರೆದರೆ ಬರೀ ಬಯಲು, ಬಿಸಿಲು. ಅವಳಿಗೆ ಅಳು ಬರುತ್ತಿತ್ತು.

ರಾಜಕುಮಾರಿ ಪದುಮಲೆ ಬಟ್ಟೆ ಹೊತ್ತು ಮನೆಮನೆಗೂ ಬಂದಳು. “ನಿಮ್ಮ ಹಿತ್ತಿಲಿಗೆ ತಾಗಿದ್ದವರು ಯಾರು? ನೆನೆಸಿಕೊಂಡು ಹೇಳಿ.”

ಎಲ್ಲರೂ ತಮಗೆ ಇಷ್ಟವಾದವರ ಹೆಸರು ಹೇಳಿದರು. ಅರವತ್ತು ಮನೆಯವರು ಕಜ್ಜಾಯ ಮಾಡುವ ಸಾತವ್ವನೇ ತಮ್ಮ ಪಕ್ಕ ಎಂದರು. ಒಂದು ಮನೆಗೆ ಅರವತ್ತು ಪಕ್ಕ ಎಲ್ಲಿಂದ ಬರಬೇಕು? ಪದುಮಲೆಗೆ ಅನುಮಾನ ಬಂತು, ಆದರೂ ಜನರ ಮಾತು ನಂಬಿ ಗಂಟು ಹಾಕಿದಳು. ಊರು ಎದ್ದು ಬಂದು ಸಾತವ್ವನ ಮನೆಯ ಮೇಲೆ ಮುಗಿಬಿದ್ದಿತು. ಹೆಂಚು ಹೆಂಚಿಗೆ ಬಡಿಯಿತು. ಸಾತವ್ವ ಕಿಟಕಿಯಿಂದ ಬೈದ ಬೈಗುಳ ಬರೆಯುವಂಥದ್ದಲ್ಲ. ಗಂಟು ಬಿಚ್ಚಲೇಬೇಕಾಯಿತು. ಉದ್ದಂಡಯ್ಯ ನಕ್ಕ. ಕೆಂಚಣ್ಣನಿಗೆ ಮೊಣಕಾಲಿನವರೆಗೂ ಕಲ್ಲಾಯಿತು.

ಆಗ ದ್ಯಾವಕ್ಕ ಅರಮನೆಗೆ ಹೋದಳು.

“ಅಮ್ಮಣ್ಣಿ, ಬಾಯಿಮಾತು ಬಿಡಿ, ಗೋಡೆ ಕೇಳಿ. ಒಬ್ಬರು ಗೋಡೆ ಒತ್ತರಿಸಿ ಕಟ್ಟಿದ್ರೆ ಬೆನ್ನಿಗಿದ್ದೋರು ಒಳಕ್ಕೆ ಸರೀಲೇಬೇಕು. ಇಲ್ಲಿ ಉಬ್ಬಿದ್ರೆ ಎಲ್ಲೋ ಒಂದು ಕಡೆ ಅದೇ ಅಳತೆಗೆ ತಗ್ಗಿರುತ್ತೆ. ಜಗಳ ಆಡಿದ್ದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಗೋಡೆ ಹೇಳುತ್ತೆ.”

“ಪಕ್ಕಪಕ್ಕದ ಮನೆಗಳನ್ನೂ ನೋಡಬೇಕಾ ದ್ಯಾವಕ್ಕ?”

“ಬ್ಯಾಡ ತಾಯಿ. ಅವರು ಹೇಗಿದ್ರೂ ಪಕ್ಕದಲ್ಲೇ ಇರ್ತಾರೆ, ಅದರಲ್ಲೇನು ಸುದ್ದಿ? ಬೀದೀಲಿ ದೂರ ಇದ್ದು ಹಿತ್ತಿಲಲ್ಲಿ ಹತ್ರ ಇದ್ದೋರು ಬೇಕು ನಮಗೆ.”

ಇಬ್ಬರೂ ಹೊರಟರು. ದ್ಯಾವಕ್ಕ ಕಣ್ಣು ಮುಚ್ಚಿ ಗೋಡೆಯ ಮೇಲೆ ಅಂಗೈ ಆಡಿಸುವಳು, “ಇಲ್ಲಿ ನಾಲ್ಕು ಬೆರಳು ಉಬ್ಬು” ಎನ್ನುವಳು, ಪದುಮಲೆ ಗುರುತು ಹಾಕಿಕೊಳ್ಳುವಳು. ಗಾಣದ ಮನೆಯ ಉಬ್ಬಿಗೆ ಇನ್ನೂರ ಹದಿನೇಳನೆಯ ಮನೆಯ ತಗ್ಗು ಸಿಕ್ಕಿತು. ಅರಳೆ ಹಿಂಜುವವರ ತಗ್ಗಿಗೆ ಕಮ್ಮಾರರ ಉಬ್ಬು ಸಿಕ್ಕಿತು. ಎಂಟು ದಿನ ನಡೆದು ಗಂಟು ಹಾಕಿದರು.

ಊರು ಮೆಲ್ಲಗೆ ಮಡಚಿಕೊಂಡಿತು. ಹಿತ್ತಿಲುಗಳಿಗೆ ನೆರಳು ಮರಳಿತು. ಯಾರದೋ ಒಗ್ಗರಣೆ ಯಾರದೋ ಮೂಗಿಗೆ ಬಂತು. ಜನ ಗೋಡೆಗೆ ಮುಖವಿಟ್ಟು ಆಚೆಯವರನ್ನು ಕೂಗಿ ಅತ್ತರು. ದ್ಯಾವಕ್ಕ ಬಾವಿಗೆ ಓಡಿ ಬಗ್ಗಿ ನೋಡಿದಳು. ಬಾವಿಯಲ್ಲಿ ನೀರಿಲ್ಲ.

“ಒಂದು ಗಂಟು ಕಡಿಮೆ!” ಎಂದು ಉದ್ದಂಡಯ್ಯ ಊರಿನ ತುದಿ ಜಗ್ಗಿದ. ಮತ್ತೆ ಬೀದಿ ನೆಟ್ಟಗಾಯಿತು. ಕೆಂಚಣ್ಣನಿಗೆ ಸೊಂಟದವರೆಗೂ ಕಲ್ಲಾಯಿತು.

“ಹೇಗೆ ತಪ್ಪಿತು?” ಎಂದಳು ಪದುಮಲೆ. ಅವಳ ಕಣ್ಣು ಕೆಂಪಾಗಿತ್ತು. “ಮುನ್ನೂರು ಗೋಡೆಯೂ ಮುಟ್ಟಿದೆವಲ್ಲ. ಇನ್ನೂರ ಎಂಬತ್ತೆಂಟನೆಯ ಮನೆಯಲ್ಲಿ ಒಂದು ಗೇಣು ಉಬ್ಬಿದೆ. ಅದಕ್ಕೆ ಜೋಡಿ ತಗ್ಗು ಎಲ್ಲೂ ಸಿಗಲಿಲ್ಲ.”

ದ್ಯಾವಕ್ಕ ಸೆರಗು ಸುತ್ತಿಕೊಂಡು ಹೊರಟಳು. ಮನೆಗೆ ಬಂದಳು. ಕೆಂಚಣ್ಣ ಗೋಡೆಗೆ ಒರಗಿ ನಿಂತಿದ್ದ, ಕೂರಲು ಬರುತ್ತಿರಲಿಲ್ಲ.

“ಏನೇ, ಹೆದರಿಕೊಂಡಿದೀಯಾ?”

“ನಿಮ್ಮ ಸೊಂಟಕ್ಕಲ್ಲರೀ. ನನ್ನ ಮಾನಕ್ಕೆ,” ಎಂದು ಅವಳು ಬಿಕ್ಕಿದಳು.

“ಹೋಗ್ಲಿ ಬಿಡೇ. ನಾನು ಕಲ್ಲಾದ್ರೆ ನೀನು ಮಾನಾನ ಯಾರಿಗೆ ತೋರಿಸ್ತೀಯಾ?”

ದ್ಯಾವಕ್ಕ ಎದ್ದಳು. ಮಣ್ಣು ಮೆತ್ತುವ ಕರಣೆ ತೆಗೆದುಕೊಂಡು ಪದುಮಲೆಯನ್ನೂ ಊರವರನ್ನೂ ಕರೆದಳು. ಎಲ್ಲರ ಎದುರಿಗೆ ತನ್ನದೇ ಹಿತ್ತಿಲಗೋಡೆಯನ್ನು ಕೆರೆಯತೊಡಗಿದಳು. ಅವಳು ಮೆತ್ತಿದ ಗೋಡೆ ನುಣುಪೆಂದರೆ ನುಣುಪು, ಯಾರ ಬೆರಳಿಗೂ ಗುಟ್ಟು ಬಿಟ್ಟುಕೊಡುವಂಥದ್ದಲ್ಲ. ಪದರ ಪದರವಾಗಿ ಮಣ್ಣು ಉದುರಿತು. ಒಳಗೆ ಒಂದು ಗೇಣು ಆಳದ, ದುಂಡನೆಯ ತಗ್ಗು.

“ಇನ್ನೂರ ಎಂಬತ್ತೆಂಟನೇ ಮನೆ ಗುರುಬಸವ್ವ ಬಚ್ಚಲಲ್ಲಿ ಹಂಡೆ ಒಲೆ ಕಟ್ಟಿಸಿದಳು,” ಎಂದಳು ತಲೆ ಎತ್ತದೆ. “ಹೇಳದೆ ಕೇಳದೆ ನನ್ನ ಗೋಡೆ ಒಳಗೆ ತಳ್ಳಿದಳು. ಊರ ಗೋಡೆ ನೆಟ್ಟಗೆ ಮಾಡೋಳ ಮನೆ ಗೋಡೆನೇ ಸೊಟ್ಟ ಅಂತ ನಗ್ತಾರೆ ಅಂತ ನಾನು ಮೆತ್ತಿಬಿಟ್ಟೆ. ಇಪ್ಪತ್ತೆರಡು ವರ್ಷ ಅವಳ ಹೆಸರು ಎತ್ತಲಿಲ್ಲ.” ತಗ್ಗಿನೊಳಗೆ ಅಂಗೈ ಇಟ್ಟಳು. “ಆದ್ರೆ ಅಮ್ಮಣ್ಣಿ, ಈ ಜಾಗ ಬೆಳಗ್ಗೆ ಬೆಚ್ಚಗಿರ್ತಿತ್ತು. ಚಳಿಗಾಲದಲ್ಲಿ ದಿನಾ ಇಲ್ಲೇ ಬೆನ್ನು ಕೊಟ್ಟು ಕೂರ್ತಿದ್ದೆ. ಊರು ನೆಟ್ಟಗಾದ ಮೇಲೆ ನನಗೆ ಎಲ್ಲದಕ್ಕಿಂತ ಹೆಚ್ಚು ನೆನಪಾಗಿದ್ದು ಅದೇ. ಹೇಳೋಕೆ ಬಾಯಿ ಬರಲಿಲ್ಲ.”

ಯಾರೂ ನಗಲಿಲ್ಲ. ಪದುಮಲೆ ಹಳೆಯ ಗಂಟುಗಳನ್ನೆಲ್ಲ ಮತ್ತೆ ಹಾಕಿದಳು. ಕೊನೆಗೆ ಮೂರನೆಯ ಎಳೆಯೂ ಇನ್ನೂರ ಎಂಬತ್ತೆಂಟನೆಯ ಎಳೆಯೂ ಹಾಯುವ ಕಡೆ ಗಂಟು ಬಿಗಿದಳು.

ಊರು ಸುರುಳಿಯಾಯಿತು. ಬೀದಿಯ ತುದಿ ಉದ್ದಂಡಯ್ಯನ ಕೈಯಿಂದ ಸರ್ರನೆ ಜಾರಿತು, ಅಂಗೈ ಸುಟ್ಟಿತು, ಕಲಿತ ಮಂತ್ರಗಳೆಲ್ಲ ಆ ಸುಟ್ಟ ಗಾಯದಿಂದ ಹೊಗೆಯಾಗಿ ಹೋದವು. ಅವನು ಏಳು ಬೆಟ್ಟ ಹತ್ತಿಳಿದು ಓಡಿದ. ಬಾವಿಯಲ್ಲಿ ನೀರು ಉಕ್ಕಿ ಕಟ್ಟೆ ಮುಟ್ಟಿತು. ದ್ಯಾವಕ್ಕ ಮೊದಲ ಚೊಂಬು ಕೆಂಚಣ್ಣನಿಗೆ ಕುಡಿಸಿದಳು. ಅವನು ಮೊಣಕಾಲು ಮಡಚಿ, ಬಿಡಿಸಿ, ಮತ್ತೆ ಮಡಚಿ, “ಅಬ್ಬಾ!” ಎಂದು ನೆಲದ ಮೇಲೆ ಕೂತ.

ಮಾರನೆಯ ಬೆಳಗ್ಗೆ ದ್ಯಾವಕ್ಕ ಹಿತ್ತಿಲಿಗೆ ಹೋಗಿ ಆ ತಗ್ಗಿನಲ್ಲಿ ಬೆನ್ನಿಟ್ಟು ಕೂತಳು. ಗೋಡೆ ಬೆಚ್ಚಗಿತ್ತು.

“ಗುರುಬಸವ್ವಾ,” ಎಂದಳು. ಹೆಸರು ನಾಲಗೆಗೆ ಹೊಸದಾಗಿತ್ತು. “ಇಷ್ಟು ಹೊತ್ತಾದರೂ ಒಲೆ ಉರೀತಿದೆಯಲ್ಲ. ನಿಮ್ಮ ಮನೇಲಿ ಯಾರದೂ ಸ್ನಾನ ಆಗಿಲ್ವಾ?”

ಆಚೆ ಕಡೆ ಕೊಳ್ಳಿ ಸರಿಸಿದ ಸದ್ದು.

“ಎಲ್ಲರದೂ ಆಗೋಯ್ತು ಕಣೇ,” ಎಂದಳು ಗುರುಬಸವ್ವ. “ನೀನು ಬಂದು ಕೂತು ಉಸ್ಸಂತ ಅನ್ನೋದು ನನಗೆ ಕೇಳ್ತಿತ್ತು. ಇಪ್ಪತ್ತೆರಡು ವರ್ಷದಿಂದ, ಸ್ನಾನ ಆದಮೇಲೂ ನಿನಗೆ ಅಂತ ಎರಡು ಕೊಳ್ಳಿ ಹಾಕ್ತಾನೇ ಇದೀನಿ.”

ದ್ಯಾವಕ್ಕ ಗೋಡೆಗೆ ಕೆನ್ನೆಯಿಟ್ಟು ಅತ್ತಳು, ಅತ್ತು ನಕ್ಕಳು. ಆ ತಗ್ಗನ್ನು ಅವಳು ಮತ್ತೆ ಮೆತ್ತಲಿಲ್ಲ. ಸುರುಳಿಪಟ್ಟಣದವರು ಆಮೇಲೆ ಬಹಳ ಕಾಲ, ಗೋಡೆಗೆ ಗೋಡೆ ತಾಗಿಕೊಂಡು, ಆಗಾಗ ಜಗಳವಾಡಿಕೊಂಡು, ನೆಮ್ಮದಿಯಾಗಿದ್ದರು.